ಏರ್ ಬೆಡ್ ಕೊಡುವವರಿದ್ದಾರೆ, ಲೆಕ್ಕ ಬರೆಯುವವರಿಲ್ಲ: ಕುಮಟಾದ ಒಂದು ಸಣ್ಣ ಸಂಘದ ಪ್ರಕರಣ ಅಧ್ಯಯನ

ಕುಮಟಾ ಪೇಟೆಯ ಒಂದು ಹಳೇ ಅಂಗಡಿಯ ಹಿಂದಿನ ಕೋಣೆ. ಮೊದಲು ಅಲ್ಲಿ ಅಡಿಕೆ ಮೂಟೆ ಇಡುತ್ತಿದ್ದರು. ಈಗ ಆರು ಗಾಲಿಕುರ್ಚಿ, ಒಂಬತ್ತು ವಾಕರ್, ತಲೆ ಕಡೆ ಎತ್ತಬಹುದಾದ ನಾಲ್ಕು ಕಬ್ಬಿಣದ ಮಂಚ, ಮೂರು ಕಮೋಡ್ ಕುರ್ಚಿ, ಸುತ್ತಿಟ್ಟ ಏರ್ ಬೆಡ್‌ಗಳು. ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡ ಎರಡು ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಯಂತ್ರ. ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಒಂದು ದಪ್ಪ ರಿಜಿಸ್ಟರ್. ಸಂಘದ ಆಸ್ತಿ ಅಂದರೆ ಇಷ್ಟೇ.

ಹಾಸಿಗೆ ಹಿಡಿದವರ ಮನೆಗೆ ಈ ಸಾಮಾನುಗಳನ್ನು ಬಾಡಿಗೆ ಇಲ್ಲದೆ ಕೊಡುವುದು ಸಂಘದ ಕೆಲಸ. ನಾನು ಇದರ ಲೆಕ್ಕ ಬರೆಯುವವನು. ಹುಬ್ಬಳ್ಳಿಯಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದು, ನಿವೃತ್ತಿಯಾಗಿ 2021ರಲ್ಲಿ ಊರಿಗೆ ಬಂದೆ. "ನೀವು ಬ್ಯಾಂಕಲ್ಲಿ ಇದ್ದವರಲ್ವಾ, ಲೆಕ್ಕ ಗೊತ್ತಿರ್ತದೆ" ಅಂತ ಹೇಳಿ ರಸೀದಿ ಪುಸ್ತಕ ನನ್ನ ಕೈಗಿಟ್ಟರು. ಸಂಘದ ಹೆಸರು ಹಾಕುವುದು ಬೇಡ ಅಂತ ಕಮಿಟಿಯಲ್ಲೇ ಮಾತಾಗಿದೆ, ಹಾಗಾಗಿ ಹಾಕುತ್ತಿಲ್ಲ.

ಈ ಪ್ರಕರಣದಲ್ಲಿ ಹಗರಣ ಇಲ್ಲ. ಯಾರೂ ದುಡ್ಡು ಹೊಡೆದಿಲ್ಲ. ಜಗಳವಾಗಿ ಎರಡು ಬಣವೂ ಆಗಿಲ್ಲ. ಆದರೂ 2023-24ರಲ್ಲಿ ಸಂಘ ಬಾಗಿಲು ಹಾಕುವ ಹಂತಕ್ಕೆ ಹೋಗಿತ್ತು. ಒಳ್ಳೆ ಜನ, ಒಳ್ಳೆ ಕೆಲಸ, ಸಾಕಷ್ಟು ಸಾಮಾನು ಎಲ್ಲ ಇದ್ದೂ ಹಾಗೆ ಯಾಕಾಯಿತು ಅನ್ನುವುದನ್ನು ಬರೆದಿಡುವ ಅಂತ ಕೂತಿದ್ದೇನೆ. ಸಿರ್ಸಿ, ಹೊನ್ನಾವರ, ಅಂಕೋಲೆಗಳಲ್ಲೂ ನಮ್ಮಂಥ ಸಣ್ಣ ಸಂಘಗಳಿವೆ. ಅಲ್ಲಿನವರು ಓದಿದರೆ ತಮ್ಮ ಕಪಾಟು ಒಮ್ಮೆ ತೆಗೆದು ನೋಡಬಹುದು.

ಶುರುವಾದ ಬಗೆ

ನಮ್ಮಲ್ಲಿ ಎಲ್ಲರೂ ಮಾಸ್ತರರು ಅಂತಲೇ ಕರೆಯುತ್ತಿದ್ದ ಒಬ್ಬ ನಿವೃತ್ತ ಹೈಸ್ಕೂಲ್ ಶಿಕ್ಷಕರಿದ್ದರು. ಅವರ ಹೆಂಡತಿಗೆ ಲಕ್ವ ಹೊಡೆಯಿತು. ಎರಡು ವರ್ಷ ಹಾಸಿಗೆಯಲ್ಲೇ ಇದ್ದು 2006ರಲ್ಲಿ ತೀರಿಕೊಂಡರು. ಮಂಚ, ವಾಟರ್ ಬೆಡ್, ಗಾಲಿಕುರ್ಚಿ ಮನೆಯಲ್ಲಿ ಉಳಿದವು. ಹದಿಮೂರನೇ ದಿನದ ಊಟಕ್ಕೆ ಬಂದವರೊಬ್ಬರು ಸಂಕೋಚದಿಂದ ಕೇಳಿದರಂತೆ, "ಮಾಸ್ತರ್ರೆ, ಆ ಮಂಚ ನಮ್ಮಪ್ಪಂಗೆ ಒಂದು ತಿಂಗಳ ಮಟ್ಟಿಗೆ ಸಿಕ್ಕೂದಾ?" ಆ ಮಂಚ ಮತ್ತೆ ಮಾಸ್ತರರ ಮನೆಗೆ ಬರಲೇ ಇಲ್ಲ. ಮನೆಯಿಂದ ಮನೆಗೆ ಹೋಯಿತು.

2008ರಲ್ಲಿ ಏಳೆಂಟು ಜನ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿ ಮಾಡಿಸಿದರು. ಆಮೇಲೆ ಆದಾಯ ತೆರಿಗೆಯ 12ಎ ನೋಂದಣಿ, 80ಜಿ ಮಾನ್ಯತೆ ಎರಡೂ ಸಿಕ್ಕವು. ಮೊದಲಿನದು ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವಂಥದ್ದು, ಎರಡನೆಯದು ದಾನಿಗೆ ತೆರಿಗೆಯಲ್ಲಿ ಕಡಿತ ಕೊಡುವಂಥದ್ದು. ಆಗ ಇವು ಒಮ್ಮೆ ಸಿಕ್ಕರೆ ಶಾಶ್ವತ. ಮಾಸ್ತರರು ಎರಡೂ ಪತ್ರಗಳಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿದರು, ಮದುವೆ ಫೋಟೋ ತೂಗುವ ಹಾಗೆ. ಮುಂದಿನ ಕಷ್ಟವೆಲ್ಲ ಆ ಕಟ್ಟಿನೊಳಗಿತ್ತು ಅಂತ ಯಾರಿಗೂ ಗೊತ್ತಾಗಲಿಲ್ಲ.

ನಿಯಮ ಸರಳ ಇತ್ತು. 500 ರೂಪಾಯಿ ಠೇವಣಿ ಇಡಬೇಕು. ಸಾಮಾನು ತೊಳೆದು ಒಣಗಿಸಿ ವಾಪಸ್ ತರಬೇಕು. ವಿಳಾಸಕ್ಕೆ ದಾಖಲೆ ಗೀಖಲೆ ಬೇಕಿಲ್ಲ, ಯಾರ ಮನೆಯವರು ಅಂತ ಹೇಳಿದರೆ ಸಾಕು.

ಇಲ್ಲಿ ಇಂಥ ಸಂಘ ಯಾಕೆ ಬೇಕು

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾದ ಬಾಂಬೋಳಿ. ಕುಮಟಾದಿಂದ ಮಣಿಪಾಲ 100 ಕಿಲೋಮೀಟರ್‌ಗೂ ಜಾಸ್ತಿ. ಗೋವಾದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ಶುರುವಾಯಿತು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದೆ. ಆದರೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆ ಪ್ರತಿ ಚುನಾವಣೆಯಲ್ಲೂ ಹೊಸದಾಗಿ ಹುಟ್ಟುತ್ತದೆ.

ಎಲ್ಲರೂ ಮಾತಾಡುವುದು ಹೋಗುವ ದಾರಿಯ ಬಗ್ಗೆ, ಆಂಬುಲೆನ್ಸ್ ಬಗ್ಗೆ. ವಾಪಸ್ ಬರುವ ದಾರಿಯ ಮಾತು ಯಾರೂ ಎತ್ತುವುದಿಲ್ಲ. ಆಪರೇಷನ್ ಆಗಿ ಹತ್ತು ದಿನಕ್ಕೆ ಡಿಸ್ಚಾರ್ಜ್ ಮಾಡುತ್ತಾರೆ. ಮೂತ್ರಕ್ಕೆ ಒಂದು ನಳಿಗೆ, ಊಟಕ್ಕೆ ಮೂಗಿನಲ್ಲಿ ಇನ್ನೊಂದು. ನಳಿಗೆ ಬದಲಿಸಲು ಮತ್ತೆ 100 ಕಿಲೋಮೀಟರ್ ಹೋಗಬೇಕು. ಹೋಗಲಾಗದವರು ಹಾಗೇ ಇಟ್ಟುಕೊಳ್ಳುತ್ತಾರೆ. ಸೋಂಕಾಗುತ್ತದೆ. ನಮ್ಮ ಸಂಘದ ಸಾಮಾನು ಬೇಕಾಗುವುದು ಈ ವಾಪಸ್ ಬಂದ ಮನೆಗಳಿಗೆ.

ಏರ್ ಬೆಡ್ ಬಗ್ಗೆ ಎರಡು ಮಾತು ಹೇಳಲೇಬೇಕು, ರಿಜಿಸ್ಟರಿನಲ್ಲಿ ಜಾಸ್ತಿ ಬರುವ ಹೆಸರು ಅದರದ್ದೇ. ಗುಳ್ಳೆ ಗುಳ್ಳೆಯಾದ ಹಾಸು, ಒಂದು ಸಣ್ಣ ಪಂಪು. ಒಂದು ಸಾಲಿನ ಗುಳ್ಳೆ ಉಬ್ಬಿದಾಗ ಪಕ್ಕದ ಸಾಲು ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಅದಲು ಬದಲಾಗುತ್ತದೆ. ಒಂದೇ ಜಾಗಕ್ಕೆ ಭಾರ ಬೀಳದೆ ಹಾಸಿಗೆ ಹುಣ್ಣು ತಪ್ಪುತ್ತದೆ. ಕಾಗದದ ಮೇಲೆ ಇದು ಚೆಂದ. ನಮ್ಮ ಕಡೆ ಜೂನ್‌ನಿಂದ ಕರೆಂಟ್ ಹೋದರೆ ದಿನವಿಡೀ ಇಲ್ಲ. ಪಂಪು ನಿಂತಿತು ಅಂದರೆ ರೋಗಿ ನೆಲಕ್ಕೆ ತಾಗುತ್ತಾನೆ. ಅದಕ್ಕೇ ಮಳೆಗಾಲದಲ್ಲಿ ಹಳೇ ವಾಟರ್ ಬೆಡ್‌ಗಳಿಗೆ ಬೇಡಿಕೆ. ಇನ್ನು ಇಲಿ. ತಿಂಡಿ ಬಿದ್ದ ವಾಸನೆಗೆ ಇಲಿ ಗುಳ್ಳೆ ಕಡಿದುಬಿಡುತ್ತದೆ. ಹಾಗೆ ತೂತಾದ ಬೆಡ್ ತಂದರೆ ನಾವು ಬೈಕ್ ಪಂಚರ್ ಹಾಕುವ ಹುಡುಗನ ಹತ್ತಿರ ಒಯ್ಯುತ್ತೇವೆ. ನೀರಿನ ಬಾನಿಯಲ್ಲಿ ಮುಳುಗಿಸಿ, ಗುಳುಗುಳು ಬಂದ ಜಾಗ ಹುಡುಕಿ, ತಿಕ್ಕಿ ತೇಪೆ ಹಚ್ಚಿಕೊಡುತ್ತಾನೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಸಂಘದ ದೊಡ್ಡ ದಾನಿಗಳಲ್ಲಿ ಅವನೂ ಒಬ್ಬ ಅಂತ ನನ್ನ ಲೆಕ್ಕ. ಯಾವ ಫಾರ್ಮಿನಲ್ಲೂ ಅವನ ಹೆಸರು ಬರುವುದಿಲ್ಲ.

ಐದು ಯಂತ್ರ ಮತ್ತು ಒಬ್ಬ ನರ್ಸ್

2021ರ ಮೇ ತಿಂಗಳು, ಕೋವಿಡ್‌ನ ಎರಡನೇ ಅಲೆ. ಬೆಂಗಳೂರಿನಲ್ಲಿರುವ ನಮ್ಮ ಕಡೆಯವರ ಒಂದು ಬಳಗ ಐದು ಆಕ್ಸಿಜನ್ ಕಾನ್ಸಂಟ್ರೇಟರ್ ಕಳಿಸಿತು. ಅವತ್ತು ಅದು ದೊಡ್ಡ ಉಪಕಾರವೇ. ಎರಡು ತಿಂಗಳು ಐದೂ ಬಿಡುವಿಲ್ಲದೆ ಓಡಿದವು. ಆಮೇಲೆ ಕೋಣೆಗೆ ಬಂದವು, ಕೂತವು.

ಆ ಯಂತ್ರದ ಒಳಗೆ ಜಿಯೋಲೈಟ್ ಅನ್ನುವ ಕಾಳು ಕಾಳಾದ ವಸ್ತು ಇರುತ್ತದೆ. ಗಾಳಿಯ ಸಾರಜನಕವನ್ನು ಹಿಡಿದುಕೊಂಡು ಆಮ್ಲಜನಕ ಬಿಡುವುದು ಅದೇ. ಅದಕ್ಕೆ ತೇವ ಒಗ್ಗುವುದಿಲ್ಲ. ಓಡಿಸದೆ ಇಟ್ಟರೆ ತೇವ ಹೀರಿಕೊಂಡು ಹಾಳಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ಅಡಿಕೆ ಮೂಟೆ ಇಡುತ್ತಿದ್ದ ಕೋಣೆಯಲ್ಲಿ, ಅದು ಎಷ್ಟು ದಿನ ಬಾಳೀತು? ಆಗಾಗ ಓಡಿಸಬೇಕು ಅಂತ ಕಳಿಸಿದವರೂ ಹೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. 2023ರಲ್ಲಿ ಹಚ್ಚಿ ನೋಡಿದರೆ ಎರಡು ಯಂತ್ರ ಸದ್ದು ಮಾತ್ರ ಮಾಡುತ್ತಿದ್ದವು.

ಇದೇ ಹೊತ್ತಿಗೆ ನಮಗೆ ನಿಜವಾಗಿ ಬೇಕಾಗಿದ್ದು ಒಬ್ಬ ನರ್ಸ್. ಇದು ನಮಗೆ ತಿಳಿದದ್ದು ಅಘನಾಶಿನಿ ದಂಡೆಯ ಒಂದು ಮನೆಯಲ್ಲಿ. ಆ ಮನೆಯ ಗಂಡಸು ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಹೆಂಡತಿ ಹೊಳೆಯಲ್ಲಿ ಇಳಿತದ ಹೊತ್ತಿಗೆ ಬೆಳಚು, ಅಂದರೆ ಚಿಪ್ಪಿನ ಮೀನು, ಹೆಕ್ಕಿ ಮಾರುತ್ತಾಳೆ. ನಾವು ಏರ್ ಬೆಡ್ ಕೊಟ್ಟು ಮೂರು ವಾರಕ್ಕೆ ನೋಡಲು ಹೋದೆವು. ಬೆಡ್ ಮೇಲೆ ಎರಡು ಕಂಬಳಿ, ಅದರ ಮೇಲೆ ಒಂದು ಗೋಣಿತಾಟು. ಮೆತ್ತಗಾಗಲಿ ಅಂತ. ಬೆಡ್ಡಿನ ಉಪಯೋಗವೇ ಹೋಗಿತ್ತು. ಸೊಂಟದ ಹತ್ತಿರ ಅಂಗೈ ಅಗಲದ ಹುಣ್ಣು. ಆಕೆ ನಮ್ಮ ಜೊತೆ ಬಂದಿದ್ದ ಅಕ್ಕೋರಿಗೆ ಹೇಳಿದ್ದು ಇಷ್ಟು: "ಹಾಸ್ಗೆ ಬಂತು ಅಕ್ಕೋರೇ, ಹೆಂಗೆ ಹಾಸೂದು ಅಂದೇಳಿ ಹೇಳೂಕೆ ಯಾರೂ ಬರ್ಲಿಲ್ಲ."

ಅಕ್ಕೋರು ಅಂದರೆ ನಮ್ಮ ಕಾರ್ಯದರ್ಶಿ, ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವತ್ತು ವಾಪಸ್ ಬರುವಾಗ ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಮರುದಿನ ಕಮಿಟಿ ಕರೆದರು. ಒಬ್ಬ ನರ್ಸ್ ಬಾಯಿಯನ್ನು ನೇಮಿಸಬೇಕು, ವಾರಕ್ಕೆ ಇಷ್ಟು ಮನೆ ಅಂತ ಸುತ್ತಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸಬೇಕು ಅಂತ ಠರಾವು. ತಿಂಗಳಿಗೆ 14,000 ರೂಪಾಯಿ ಸಂಬಳ, ಜೊತೆಗೆ ಸ್ಕೂಟರ್ ಪೆಟ್ರೋಲ್.

ದುಡ್ಡು ಕೇಳಲು ಹೋದಾಗ ಅರ್ಥವಾಯಿತು. ಗಾಲಿಕುರ್ಚಿ ಅಂದರೆ ಐದು ನಿಮಿಷಕ್ಕೆ ಒಪ್ಪುತ್ತಾರೆ. ಬೆನ್ನ ಹಿಂದೆ ಅಪ್ಪ ಅಮ್ಮನ ಹೆಸರು ಬರೆಸಬಹುದು. ಸಂಬಳ ಅಂದರೆ ಮುಖ ಸಣ್ಣದಾಗುತ್ತದೆ. "ಸೇವೆಗೆ ಸಂಬಳ ಎಂತಕ್ಕೆ?" ಅಂತ ಒಬ್ಬರು ಕೇಳಿದರು. ಅವರು ಕೆಟ್ಟವರಲ್ಲ, ಅದೇ ವಾರ ಎರಡು ವಾಕರ್ ಕೊಟ್ಟಿದ್ದರು. ನರ್ಸಿನ ಬೆನ್ನ ಮೇಲೆ ಹೆಸರು ಬರೆಸಲು ಆಗುವುದಿಲ್ಲ ಅನ್ನುವುದೇ ಸಮಸ್ಯೆ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಒಂದು ಕಂಪನಿಯ ಬಾಗಿಲಿಗೂ ಹೋದೆವು. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನುವ ಸಿಎಸ್ಆರ್ ಕಾನೂನು ಇದೆಯಲ್ವಾ. ಅಲ್ಲಿದ್ದ ಹುಡುಗ ಒಳ್ಳೆಯವನು. ಚಹಾ ಕೊಟ್ಟ. ಸಿಎಸ್ಆರ್-1 ನಂಬರ್, ಅಂದರೆ ಆ ದುಡ್ಡು ಪಡೆಯುವ ಸಂಸ್ಥೆಗಳ ನೋಂದಣಿ ಸಂಖ್ಯೆ, ಇದೆಯಾ ಅಂತ ಕೇಳಿದ. 2021ರ ಏಪ್ರಿಲ್‌ನಿಂದ ಅದಿಲ್ಲದೆ ಕಂಪನಿಗಳು ಸಂಸ್ಥೆಗಳ ಮೂಲಕ ಖರ್ಚು ಮಾಡುವ ಹಾಗಿಲ್ಲ. ಅದು ಬೇಕಾದರೆ ಊರ್ಜಿತದಲ್ಲಿರುವ 12ಎ, 80ಜಿ ಬೇಕು. "ಇದೆ, ಗೋಡೆ ಮೇಲೆ ಇದೆ" ಅಂದೆ. ಅವನು ನಗಲಿಲ್ಲ.

ಫೋನು ಬಂದದ್ದು

2023ರ ಜುಲೈ. ಬೆಂಗಳೂರಿನಿಂದ ಒಬ್ಬ ಸಾಫ್ಟ್‌ವೇರ್ ಹುಡುಗನ ಫೋನ್. ಅಜ್ಜಿಯ ನೆನಪಿಗೆ ಹಿಂದಿನ ವರ್ಷ 25,000 ರೂಪಾಯಿ ಕೊಟ್ಟಿದ್ದ. "ಅಂಕಲ್, ರಿಟರ್ನ್ ಫೈಲ್ ಮಾಡ್ಬೇಕು, ನಿಮ್ಮ 10ಬಿಇ ಬರ್ಲಿಲ್ಲ." ನಾನು ರಸೀದಿ ಕೊಟ್ಟಿದ್ದೇನಲ್ಲ ಅಂದೆ. ರಸೀದಿ ಈಗ ನಡೆಯುವುದಿಲ್ಲವಂತೆ.

ಆಡಿಟರ್ ಹತ್ತಿರ ಹೋಗಿ ಕೂತಾಗ ಒಂದೊಂದೇ ಬಿಚ್ಚಿತು. 2020ರಲ್ಲಿ ಕಾನೂನು ಬದಲಾಗಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. ಹಳೇ "ಶಾಶ್ವತ" ನೋಂದಣಿ ಯಾವುದೂ ಶಾಶ್ವತ ಅಲ್ಲ. ಎಲ್ಲರೂ ಫಾರ್ಮ್ 10ಎ ಹಾಕಿ ಹೊಸದಾಗಿ ನೋಂದಾಯಿಸಿಕೊಳ್ಳಬೇಕು, ಅದೂ 5 ವರ್ಷಕ್ಕೆ ಮಾತ್ರ. ಜೊತೆಗೆ ಪ್ರತಿ ವರ್ಷ ಮೇ 31ರೊಳಗೆ ಯಾರು ಎಷ್ಟು ಕೊಟ್ಟರು ಅನ್ನುವ ಪಟ್ಟಿಯನ್ನು 10ಬಿಡಿ ಅನ್ನುವ ಫಾರ್ಮಿನಲ್ಲಿ ಸಲ್ಲಿಸಬೇಕು. ಆಗ ಮಾತ್ರ ದಾನಿಗೆ 10ಬಿಇ ಪ್ರಮಾಣಪತ್ರ ಹುಟ್ಟುತ್ತದೆ. ತಡವಾದರೆ ದಿನಕ್ಕೆ 200 ರೂಪಾಯಿ. ವರ್ಷ ತಡವಾದರೆ 73,000. ನಾನು ತಕ್ಷಣ ಭಾಗಿಸಿ ನೋಡಿದೆ, ನರ್ಸ್ ಬಾಯಿಯ ಐದು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಇನ್ನೂ ಒಂದಿತ್ತು. ನೋಂದಣಿ ಮುಂದುವರಿಸದ ಸಂಸ್ಥೆ ತನ್ನ ನಿವ್ವಳ ಆಸ್ತಿಯ ಮಾರುಕಟ್ಟೆ ಬೆಲೆಗೆ ಗರಿಷ್ಠ ದರದಲ್ಲಿ ತೆರಿಗೆ ಕಟ್ಟಬೇಕಾಗಬಹುದು ಅಂತ 2023ರಲ್ಲಿ ತಿದ್ದುಪಡಿ ಬಂದಿತ್ತು. ಅಕ್ಕೋರು ಗಾಬರಿಯಾಗಿ ಕೇಳಿದರು, "ತುಕ್ಕು ಹಿಡಿದ ಮಂಚಕ್ಕೂ ತೆರಿಗೆಯಾ?" ಮಂಚಕ್ಕಿಂತ ನಮಗೆ ಹೆದರಿಕೆ ಇದ್ದದ್ದು ಬ್ಯಾಂಕಿನಲ್ಲಿದ್ದ ಮಾಸ್ತರರ ಠೇವಣಿ ಬಗ್ಗೆ. ತಮ್ಮ ಪಿಂಚಣಿ ಉಳಿಸಿ ಅವರು ಸಂಘದ ಹೆಸರಿಗೆ ಇಟ್ಟದ್ದು ಅದು.

10ಎ ಹಾಕುವ ಕೊನೆಯ ದಿನಾಂಕ ಆಗಲೇ ಎಷ್ಟೋ ಸಲ ಮುಂದಕ್ಕೆ ಹೋಗಿ 2023ರ ಸೆಪ್ಟೆಂಬರ್ 30ಕ್ಕೆ ನಿಂತಿತ್ತು. ಎರಡು ತಿಂಗಳು ಧಾರಾಳ ಅಂದುಕೊಂಡೆವು. ಆದಾಯ ತೆರಿಗೆ ಪೋರ್ಟಲ್ ತೆಗೆದರೆ ಒಟಿಪಿ ಮಾಸ್ತರರ ಮೊಬೈಲಿಗೆ ಹೋಗುತ್ತಿತ್ತು. ಮಾಸ್ತರರು 2022ರ ಜನವರಿಯಲ್ಲೇ ತೀರಿಕೊಂಡಿದ್ದರು. ಆ ನಂಬರಿಗೆ ಫೋನ್ ಹಚ್ಚಿದೆ. ಗಂಟೆ ಹೋಯಿತು, ಎದೆ ಧಸಕ್ಕೆಂದಿತು. ಎತ್ತಿದವನು ವಿಜಯಪುರ ಕಡೆಯ ಲಾರಿ ಚಾಲಕ. "ಯಾವ ಮಾಸ್ತರ್ ರೀ? ಈ ಸಿಮ್ ನಾ ತಗೊಂಡು ಆರ್ ತಿಂಗಳಾತು." ಇ-ಮೇಲ್ ವಿಳಾಸ ಹಿಂದಿನ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನದ್ದು, ಅವನು ಎಲ್ಲಿದ್ದಾನೋ.

ಅಧಿಕೃತ ಸಹಿದಾರರನ್ನು ಬದಲಿಸಬೇಕು. ಅದಕ್ಕೆ ಹೊಸ ಆಡಳಿತ ಮಂಡಳಿಯ ಪಟ್ಟಿ ಬೇಕು. ಸಂಘಗಳ ಕಾಯ್ದೆ ಪ್ರಕಾರ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ ಆ ಪಟ್ಟಿಯನ್ನೂ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಿರಬೇಕು. ನಾವು ಕೋವಿಡ್ ವರ್ಷದಿಂದ ಸಲ್ಲಿಸಿರಲಿಲ್ಲ. ನಿಜ ಹೇಳಬೇಕೆಂದರೆ ಅದಕ್ಕೆ ಮೊದಲೂ ಸಭೆ ಅಂದರೆ ಮಾಸ್ತರರು ಠರಾವು ಪುಸ್ತಕ ಚೀಲಕ್ಕೆ ಹಾಕಿಕೊಂಡು ಮನೆ ಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದರು. ಒಳ್ಳೆ ಚಹಾ ಆಗುತ್ತಿತ್ತು, ಸಭೆ ಆಗುತ್ತಿರಲಿಲ್ಲ. ಬ್ಯಾಂಕಿನ ಖಾತೆಯಲ್ಲೂ ಮೂವರು ಸಹಿದಾರರಲ್ಲಿ ಒಬ್ಬರು ಇಲ್ಲ, ಇನ್ನೊಬ್ಬರು ಮಗಳ ಮನೆ ಅಂತ ಪುಣೆಗೆ ಹೋಗಿದ್ದರು. ಅದಲ್ಲದೆ ಕೋವಿಡ್ ಹೊತ್ತಿನಲ್ಲಿ ಬಂದ ದುಡ್ಡಿನಲ್ಲಿ ಸ್ವಲ್ಪ ನಮ್ಮ ಖಜಾಂಚಿಯ ಸ್ವಂತ ಫೋನ್‌ಪೇಗೆ ಬಂದಿತ್ತು. ಅವರು ಪೈಸೆ ಪೈಸೆ ಬರೆದಿಟ್ಟಿದ್ದರು. ಆದರೆ ಆಡಿಟರ್ ಅದನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ನೋಂದಣಾಧಿಕಾರಿ ಕಚೇರಿಗೆ ಅಂತ ಕಾರವಾರಕ್ಕೆ ನಾಲ್ಕು ಸಲ ಓಡಾಡಿದೆ. ಕುಮಟಾದಿಂದ ಒಂದು ಕಡೆಗೆ 70 ಕಿಲೋಮೀಟರ್ ಹತ್ತಿರ. ಒಂದು ಸಲ ಫಾರಂ ತಪ್ಪು, ಇನ್ನೊಂದು ಸಲ ಸಂಬಂಧಪಟ್ಟವರು ಮೀಟಿಂಗಿನಲ್ಲಿ. ಹೀಗೆ ಮಾಡುವಷ್ಟರಲ್ಲಿ ಸೆಪ್ಟೆಂಬರ್ 30 ಕಳೆಯಿತು.

ಆ ಚಳಿಗಾಲದ ಕಮಿಟಿ ಸಭೆ ನನಗೆ ಚೆನ್ನಾಗಿ ನೆನಪಿದೆ. ಏಳು ಜನ ಇದ್ದೆವು, ಎಲ್ಲರ ವಯಸ್ಸು ಕೂಡಿಸಿದರೆ 470. ಸಾಮಾನೆಲ್ಲ ಯಾವುದಾದರೂ ಆಸ್ಪತ್ರೆಗೆ ಕೊಟ್ಟು ಕೈ ತೊಳೆದುಕೊಳ್ಳೋಣ ಅಂತ ಒಬ್ಬರು ಅಂದರು. ಯಾರೂ ಬೇಡ ಅನ್ನಲಿಲ್ಲ. ನರ್ಸ್ ಬಾಯಿಗೆ ಮಾರ್ಚ್‌ವರೆಗೆ ಅಂತ ಹೇಳಿಬಿಡುವ ಅಂತಲೂ ಮಾತಾಯಿತು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಮಿರ್ಜಾನದ ಕಡೆಯವರು, ಕಮೋಡ್ ಕುರ್ಚಿ ಬೇಕಿತ್ತು. ಅಕ್ಕೋರು ಎದ್ದು ರಿಜಿಸ್ಟರ್ ತೆಗೆದು ಬರೆದುಕೊಂಡು ಕೊಟ್ಟು ಕಳಿಸಿದರು. ಬಂದು ಕೂತು, "ಹಾಂ, ಎಲ್ಲಿದ್ವಿ?" ಅಂದರು. ಮುಚ್ಚುವ ಮಾತು ಅವತ್ತಿಗೆ ಅಲ್ಲಿಗೇ ನಿಂತಿತು.

2024ರ ಏಪ್ರಿಲ್ 25ರಂದು ನೇರ ತೆರಿಗೆಗಳ ಮಂಡಳಿ ಸುತ್ತೋಲೆ ಹೊರಡಿಸಿ ಕೊನೆಯ ದಿನಾಂಕವನ್ನು ಜೂನ್ 30ಕ್ಕೆ ಹಾಕಿತು. ದೇವರು ದೊಡ್ಡವನು ಅಂತ ಅಕ್ಕೋರು ಮಹಾಗಣಪತಿಗೆ ಕಾಯಿ ಒಡೆಸಿದರು. ಅಷ್ಟರಲ್ಲಿ ನಾವೂ ಸಹಿದಾರರ ಹೆಸರು ಬದಲಿಸಿಕೊಂಡಿದ್ದೆವು. ಮೇ ಎರಡನೇ ವಾರ 10ಎ ಹಾಕಿದೆವು. ನೋಂದಣಿ ಸಂಖ್ಯೆ ಬಂತು. ಮೇ 30ರ ರಾತ್ರಿ 10ಬಿಡಿ ಅಪ್‌ಲೋಡ್ ಮಾಡಿದೆ, ಒಂದು ದಿನ ಬಾಕಿ ಇತ್ತು. ಹಿಂದಿನ ಎರಡು ವರ್ಷದ ದಾನಿಗಳಿಗೆ ನಾನೇ ಫೋನ್ ಮಾಡಿ ತಪ್ಪು ನಮ್ಮದು ಅಂತ ಹೇಳಿದೆ. ಸಾಫ್ಟ್‌ವೇರ್ ಹುಡುಗ, "ಪರವಾಗಿಲ್ಲ ಅಂಕಲ್" ಅಂದ. ಆಮೇಲೆ ಅವನು ದುಡ್ಡು ಕಳಿಸಿಲ್ಲ. ಅವನನ್ನು ದೂರುವುದಿಲ್ಲ.

ಸಿಕ್ಕಿತು, ಆದರೆ

ಇಲ್ಲೊಂದು ತಮಾಷೆ ಇದೆ. ಇಷ್ಟು ಒದ್ದಾಡಿ 80ಜಿ ಉಳಿಸಿಕೊಂಡೆವಲ್ಲ, 2023-24ರಿಂದ ಬೇರೆ ಆರಿಸದಿದ್ದರೆ ಆದಾಯ ತೆರಿಗೆಯ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುವ ಹಾಗಾಯಿತು. ಅದರಲ್ಲಿ 80ಜಿ ಕಡಿತ ಇಲ್ಲ. ಮಾರ್ಚ್ ಕೊನೆಗೆ ತೆರಿಗೆ ಉಳಿಸಲು ಐದು ಹತ್ತು ಸಾವಿರ ಹಾಕುತ್ತಿದ್ದ ನೌಕರಿಯವರು ಒಬ್ಬೊಬ್ಬರೇ ಕಮ್ಮಿಯಾದರು. ಹಾಗಂತ 80ಜಿ ಬಿಡುವ ಹಾಗೂ ಇಲ್ಲ, ಕಂಪನಿಯವರು ಕೇಳುವುದೇ ಅದನ್ನು.

ವಿದೇಶದ ದುಡ್ಡಿನ ಕಥೆ ಇನ್ನೊಂದು. ಹೊನ್ನಾವರ ಕಡೆಯ ಒಂದು ಮನೆಯ ಅಣ್ಣತಮ್ಮಂದಿರಿಬ್ಬರು ತಾಯಿ ಹೆಸರಿನಲ್ಲಿ ನರ್ಸಿನ ಒಂದು ವರ್ಷದ ಸಂಬಳ ಕೊಡುತ್ತೇವೆ ಅಂತ ಮುಂದೆ ಬಂದರು. ಸಂಬಳಕ್ಕೆ ಅಂತಲೇ ಕೊಟ್ಟ ಮೊದಲಿಗರು ಅವರು. ಅಣ್ಣ ದುಬೈಯಲ್ಲಿ, ಪಾಸ್‌ಪೋರ್ಟ್ ಭಾರತದ್ದೇ. ತಮ್ಮ ಅಮೆರಿಕದಲ್ಲಿ, ಅಲ್ಲಿನ ಪೌರನಾಗಿದ್ದಾನೆ. ಅಣ್ಣ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ತಮ್ಮ ಕಳಿಸಿದರೆ ವಿದೇಶಿ ದೇಣಿಗೆ. ಅದನ್ನು ತೆಗೆದುಕೊಳ್ಳಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು, ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು, ಹಿಂದಿನ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ಸೇವೆಗೆ ಖರ್ಚು ಮಾಡಿರಬೇಕು. ನಮ್ಮದು ಅದರ ಹತ್ತಿರವೂ ಹೋಗುವುದಿಲ್ಲ. ಒಂದೇ ತಾಯಿ, ಒಂದೇ ನೆನಪು, ಅರ್ಧ ದುಡ್ಡು. ತಮ್ಮನಿಗೆ ಬೇಡ ಅಂತ ಬರೆಯುವ ಇ-ಮೇಲ್ ಅನ್ನು ನಾನು ಮೂರು ಸಲ ತಿದ್ದಿದೆ. ಇನ್ನೊಂದು ದೊಡ್ಡ ಸಂಸ್ಥೆಯ ಮೂಲಕ ಕೊಡಿಸಬಹುದಾ ಅಂತ ಅವನು ಕೇಳಿದ. ವಿದೇಶಿ ದುಡ್ಡನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವುದನ್ನೂ 2020ರ ತಿದ್ದುಪಡಿ ನಿಲ್ಲಿಸಿದೆ.

ಊರಿನ ದುಡ್ಡು ಬರುವ ದಾರಿ ಬೇರೆ. ರೋಗಿ ತೀರಿಕೊಂಡ ಮೇಲೆ ಸಾಮಾನು ವಾಪಸ್ ತರುವಾಗ ಮನೆಯವರು ಲಕೋಟೆ ಕೊಡುತ್ತಾರೆ. ಒಂದು ಸಾವಿರವೋ, ಐದು ಸಾವಿರವೋ, ನಗದು. ನಗದು 2,000 ರೂಪಾಯಿ ದಾಟಿದರೆ 80ಜಿ ಇಲ್ಲ. ದಾನಿಗಳ ಪಟ್ಟಿಗೆ ಪ್ಯಾನ್, ಆಧಾರ್‌ನಂಥ ಒಂದು ಗುರುತಿನ ನಂಬರ್ ಬೇಕು. ಹೆಸರು ವಿಳಾಸ ಇಲ್ಲದ ದುಡ್ಡು ಮಿತಿ ದಾಟಿದರೆ ಅದಕ್ಕೆ ಶೇಕಡ 30 ತೆರಿಗೆ. ಕಣ್ಣು ಇನ್ನೂ ಕೆಂಪಗಿರುವ ಮಗನ ಹತ್ತಿರ, "ನಿಮ್ಮ ಪ್ಯಾನ್ ಕಾರ್ಡ್ ಇದೆಯಾ" ಅಂತ ಕೇಳುವುದು ಹೇಗೆ? ನಾನು ಒಮ್ಮೆ ಕೇಳಿದೆ. ಅವನು ಲಕೋಟೆ ಕಡೆ ನೋಡಿ, "ಇದ್ ಲೋನ್ ಅಲ್ಲ, ಮಾರಾಯ್ರೆ" ಅಂದ. ಅವತ್ತಿನಿಂದ ಸಾಮಾನು ಒಯ್ಯುವಾಗಲೇ ಒಂದು ಚೀಟಿ ತುಂಬಿಸಿಕೊಳ್ಳುತ್ತೇವೆ. ಹೆಸರು, ವಿಳಾಸ, ಇಷ್ಟವಿದ್ದರೆ ಪ್ಯಾನ್. ವಾಪಸ್ ತರುವ ದಿನ ಏನೂ ಕೇಳುವುದಿಲ್ಲ. ನಾವು ಮಾಡಿದ ಬದಲಾವಣೆಗಳಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಈ ಅರ್ಧ ಹಾಳೆಯ ಚೀಟಿ.

ಉಳಿದ ಬದಲಾವಣೆ ಚುಟುಕಾಗಿ ಹೇಳುತ್ತೇನೆ. ಸಂಘದ ಹೆಸರಿನ ಕ್ಯೂಆರ್ ಕೋಡ್ ಮಾಡಿಸಿ ಖಜಾಂಚಿಯ ಫೋನ್‌ಪೇ ನಿಲ್ಲಿಸಿದೆವು. ಪೋರ್ಟಲ್‌ಗೆ ಸಂಘದ್ದೇ ಒಂದು ಸಿಮ್, ಅದು ಕೋಣೆಯಲ್ಲೇ ಇರುವ ಕೀಪ್ಯಾಡ್ ಫೋನಿನಲ್ಲಿದೆ. ಈಗ ಸಭೆ ನಿಜವಾಗಿ ನಡೆಯುತ್ತದೆ. ಬರದವರ ಸಹಿ ಇಲ್ಲ. ಕಮಿಟಿಗೆ ಇಬ್ಬರು ಮೂವತ್ತರ ಆಸುಪಾಸಿನವರು ಬಂದಿದ್ದಾರೆ. ಒಬ್ಬಳು ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಹುಡುಗಿ, ರಿಜಿಸ್ಟರನ್ನು ಗೂಗಲ್ ಶೀಟ್‌ಗೆ ಹಾಕಿದಳು. ಮೊಳೆಯ ರಿಜಿಸ್ಟರ್ ತೆಗೆಯಲು ಅಕ್ಕೋರು ಬಿಡಲಿಲ್ಲ. ಕರೆಂಟ್ ಇಲ್ಲದ ದಿನ ಅದೇ ಗತಿ ಅಂತ ಅವರ ವಾದ. ಜೂನ್‌ನಲ್ಲಿ ಅವರೇ ಗೆದ್ದರು.

ಯಂತ್ರಗಳ ವಿಚಾರ

ಕಾನ್ಸಂಟ್ರೇಟರ್ ಏನು ಮಾಡುವುದು ಅಂತ ಎರಡು ಸಭೆ ನಡೆದವು. ಮಾರಿ ನರ್ಸಿನ ಸಂಬಳಕ್ಕೆ ಹಾಕೋಣ ಅಂತ ಖಜಾಂಚಿ. ದಾನ ಕೊಟ್ಟದ್ದನ್ನು ಮಾರುವುದಾ ಅಂತ ಅಕ್ಕೋರು. ಕೊನೆಗೆ ಬೆಂಗಳೂರಿನ ಬಳಗದವರನ್ನೇ ಕೇಳಿದೆವು. ಅವರ ಅಧ್ಯಕ್ಷರು ದೀಪಾವಳಿಗೆ ಊರಿಗೆ ಬಂದವರು ಕೋಣೆಗೆ ಬಂದರು. ಯಂತ್ರದ ಮೇಲೆ ಬಳಗದ ಹೆಸರಿನ ಸ್ಟಿಕ್ಕರ್ ಇನ್ನೂ ಹೊಸದರ ಹಾಗಿತ್ತು. ನಾನು ಪ್ಲಗ್ ಹಾಕಿ ತೋರಿಸಿದೆ. ಯಂತ್ರ ಗುರ್ ಅಂದಿತು, ಕೆಂಪು ದೀಪ ಹತ್ತಿತು. ಅವರು ತುಸು ಹೊತ್ತು ಸುಮ್ಮನಿದ್ದು, "ನಮಗೂ ಯಾರೂ ಹೇಳಲಿಲ್ಲ ನೋಡಿ" ಅಂದರು.

ಹಾಳಾದ ಎರಡು ಗುಜರಿಗೆ ಹೋದವು. ಒಂದು ಬೀಡಿ ಸೇದಿ ಶ್ವಾಸಕೋಶ ಸೋತ ಒಬ್ಬ ಹಿರಿಯರ ಮನೆಯಲ್ಲಿದೆ. ಉಳಿದೆರಡು ನಮ್ಮಲ್ಲೇ ಇವೆ. ಈಗ ಪ್ರತಿ ಶನಿವಾರ ಸ್ವಲ್ಪ ಹೊತ್ತು ಓಡಿಸುತ್ತೇವೆ. ಬಳಗದವರು ತಿಂಗಳಿಗೆ ತಲಾ 500 ರೂಪಾಯಿಯ ನರ್ಸ್ ನಿಧಿ ಶುರು ಮಾಡಿದರು. ಹನ್ನೊಂದು ಜನ ಹೆಸರು ಕೊಟ್ಟರು, ಏಳು ಜನ ಮುಂದುವರಿಸಿದ್ದಾರೆ. ದುಬೈ ಅಣ್ಣನ ಪಾಲು ಸೇರಿದರೂ ವರ್ಷದ ಸಂಬಳಕ್ಕೆ ಮೂರು ತಿಂಗಳಷ್ಟು ಕಮ್ಮಿ ಬೀಳುತ್ತದೆ. ಅದನ್ನು ಮಾಸ್ತರರ ಠೇವಣಿಯ ಬಡ್ಡಿಯಿಂದ ತುಂಬುತ್ತಿದ್ದೇವೆ. ಹಿಂದಿನ ಎರಡು ವರ್ಷದ 10ಬಿಡಿ ವಿಚಾರ ಆಡಿಟರ್ ಜೊತೆ ಇನ್ನೂ ಇತ್ಯರ್ಥ ಆಗಿಲ್ಲ.

ನಮಗೆ ಸಿಕ್ಕ ನೋಂದಣಿಯ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುವಂಥದ್ದು. ಆರು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕಿತ್ತು. 2025ರ ಬಜೆಟ್‌ನಲ್ಲಿ ಒಂದು ಒಳ್ಳೇದಾಯಿತು. ವರ್ಷದ ಆದಾಯ 5 ಕೋಟಿ ದಾಟದ ಸಂಸ್ಥೆಗಳಿಗೆ ತೆರಿಗೆ ವಿನಾಯಿತಿಯ ನೋಂದಣಿ ಇನ್ನು 10 ವರ್ಷಕ್ಕೆ. 80ಜಿಗೆ ಮಾತ್ರ ಹಳೇ 5 ವರ್ಷವೇ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆಯೇ ಹೊಸದು, ನಾನು ಬಾಯಿಪಾಠ ಮಾಡಿಕೊಂಡ ನಂಬರುಗಳೆಲ್ಲ ಬದಲು.

ಈ ಸಲ 2025ರ ಸೆಪ್ಟೆಂಬರ್ ಮೊದಲ ವಾರದಲ್ಲೇ ಎರಡೂ ಅರ್ಜಿ ಹಾಕಿದೆವು. ಒಟಿಪಿ ಕೀಪ್ಯಾಡ್ ಫೋನಿಗೆ ಬಂತು. ಹುಡುಗಿ ಓದಿ ಹೇಳಿದಳು, ನಾನು ಒತ್ತಿದೆ. ಅಕ್ಕೋರು ಗೋಡೆಯ ಕಟ್ಟುಗಳನ್ನು ಇಳಿಸಿ ಧೂಳು ಒರೆಸುತ್ತಿದ್ದರು. ಹೊಸ ಪತ್ರ ಬಂದರೆ ಇದಕ್ಕೇ ಹಾಕಬಹುದಲ್ವಾ ಅಂತ ಕೇಳಿದರು. ಬೇಡ ಅಂದೆ. ಕಟ್ಟು ಖಾಲಿಯೇ ಮೊಳೆಗೆ ಹೋಯಿತು, ಪಕ್ಕದಲ್ಲಿ ಒಂದು ಕ್ಯಾಲೆಂಡರ್ ತೂಗಿದೆವು. ಮೇ 31ರ ಸುತ್ತ ಕೆಂಪು ಶಾಯಿಯ ಗೆರೆ ಎಳೆದಿದ್ದೇನೆ.